ನಗುವುದೊಂದೇ ಗೊತ್ತಿದ್ದ ಅಕ್ಷರ

ಕೋಲ್ಕತ್ತೆಯ ಟಾಲಿಗಂಜಿನ ನಮ್ಮ ಓಣಿಯ ಮಿಠಾಯಿ ಅಂಗಡಿಯವನು ಪೆಟ್ಟಿಗೆ ಬದಲಾಯಿಸಿದ್ದಾನೆ. ಮೊದಲು ಬರೀ ಬಿಳಿ ರಟ್ಟು, ಅದಕ್ಕೊಂದು ರಬ್ಬರ್ ಬ್ಯಾಂಡು. ಈಗ ಕೆಂಪು ಪೆಟ್ಟಿಗೆ, ಮೇಲೆ ಅಂಗಡಿಯ ಹೆಸರು ಇಂಗ್ಲಿಷಿನಲ್ಲಿ, ದಪ್ಪದಪ್ಪ ಅಕ್ಷರಗಳಲ್ಲಿ. ಒಳಗಿನ ಸಂದೇಶ್ ಮಿಠಾಯಿ ಖಾಲಿಯಾಗಿ ಸುಮಾರು ದಿನವಾಯಿತು. ಪೆಟ್ಟಿಗೆ ಇನ್ನೂ ನನ್ನ ಮೇಜಿನ ಮೇಲೇ ಇದೆ.

"ಅದನ್ನೇನು ಪೂಜಿಗೆ ಇಡಾವ್ರಿದ್ದೀರೇನ್ರೀ? ಇರಬಿ ಮುತ್ಯಾವ ನೋಡ್ರಿ," ಎಂದಳು ನನ್ನ ಹೆಂಡತಿ ಸುಮನ್.

ಆ ಅಕ್ಷರ, ಈಗಿನವರು ಫಾಂಟ್ ಎನ್ನುವ ಅಕ್ಷರದ ನಮೂನೆ, ನನಗೆ ಪರಿಚಯದ್ದು. ಪರಿಚಯ ಎಂದರೆ, ಬೀದಿಯಲ್ಲಿ ದೂರದಿಂದ ಕಂಡಕೂಡಲೇ ನೀವು ರಸ್ತೆ ದಾಟಿ ಆಚೆ ಬದಿಗೆ ಹೋಗುತ್ತೀರಲ್ಲ, ಆ ಬಗೆಯ ಪರಿಚಯ. ಎರಡು ವರ್ಷ ನಮ್ಮ ಮನೆಯಲ್ಲೇ ಉಂಡುಕೊಂಡು ಇದ್ದ ಅಕ್ಷರ ಅದು. ನನ್ನ ಅಕ್ಕ ಅದೊಂದನ್ನೇ ಓದುತ್ತಿದ್ದಳು. ಅಕ್ಕ ಇದ್ದಾಳೆ, ಗಟ್ಟಿಯಾಗಿದ್ದಾಳೆ, ಸಾರಿಗೆ ಉಪ್ಪು ಕಡಿಮೆಯಾದರೆ ಈಗಲೂ ಇಡೀ ಮನೆಗೆ ಕೇಳುವ ಹಾಗೆ ಹೇಳುತ್ತಾಳೆ. ಓದುವುದನ್ನು ಮಾತ್ರ ಬಿಟ್ಟಿದ್ದಾಳೆ. ನಮ್ಮ ಪ್ರಿಂಟರಿಗೆ ಸುಮನ್ ಹಳೆಯ ದಿಂಬಿನ ಚೀಲ ತೊಡಿಸಿಟ್ಟಿದ್ದಾಳೆ.

ಅಕ್ಷರದ ಗುಣಸ್ವಭಾವವನ್ನು ಮೊದಲು ತಮ್ಮ ಸನ್ನಿಧಿಗೆ ನಿವೇದಿಸಿಕೊಳ್ಳುತ್ತೇನೆ. ಅಕ್ಷರದ ಗೀಟು ಮುಗಿಯುವಲ್ಲಿ ಸಣ್ಣದೊಂದು ಪಾದವಿರುತ್ತದೆ. ಅದಕ್ಕೆ ಸೆರಿಫ್ ಎನ್ನುತ್ತಾರೆ ಎಂದು ನನಗೆ ಕಲಿಸಿದವಳು ಮಗಳು ತನ್ವಿ. ಇಂಗ್ಲಿಷ್ ಪತ್ರಿಕೆಗಳ ಅಕ್ಷರಗಳಿಗೂ ಈ ಪಾದ ಉಂಟು. ಆದರೆ ಅವು ಬೂಟು ಹಾಕಿಕೊಂಡು ಹತ್ತು ಗಂಟೆಯ ಕಚೇರಿಗೆ ಹೊರಟವರ ಪಾದಗಳು. ನಮ್ಮ ಈ ಅಕ್ಷರದ ಪಾದಗಳೋ, ಮದುವೆಗೆ ಬಂದ ಬೀಗರು ಮೆಟ್ಟುವಂಥ, ಮೂತಿ ಮೇಲಕ್ಕೆ ಸುರುಳಿ ಸುತ್ತಿದ ಜೋಡುಗಳು. ಅದರ ಮೇಲೆ ಹೊಟ್ಟೆ. ಎಂಥ ಹೊಟ್ಟೆ ಎಂದರೆ ಅಕ್ಷರದ ಒಳಗೆ ಉಳಿಯಬೇಕಾದ ಬಿಳಿ ಜಾಗ ಗುಂಡಿ ಬಿಗಿದ ಅಂಗಿಯ ಸಂದಿನಲ್ಲಿ ಇಣುಕಿದಷ್ಟೇ.

ಇಂಗ್ಲಿಷಿಗೆ ಹೊಲಿದ ಈ ವೇಷವನ್ನು ಯಾರೋ ಪುಣ್ಯಾತ್ಮರು ಕನ್ನಡಕ್ಕೂ ಹೊಲಿದಿದ್ದರು. ತಲೆಕಟ್ಟುಗಳೆಲ್ಲ ರುಮಾಲುಗಳಾಗಿದ್ದವು. ಕೊಂಬುಗಳಿಗೆ ಮೀಸೆಯ ತಿರುವು ಬಂದಿತ್ತು. ಠಕಾರದ ಹೊಟ್ಟೆಯೊಳಗಿನ ಚುಕ್ಕೆ ಕೋಲ್ಕತ್ತೆಗೆ ಬಂದು ರಸಗುಲ್ಲವಾಗಿತ್ತು. ಒತ್ತಕ್ಷರಗಳು ಹಿರಿಯರ ಕಾಲಬುಡದಲ್ಲಿ ಪಲ್ಟಿ ಹೊಡೆಯುತ್ತಿದ್ದವು. ಇಲ್ಲಿನ ಬಂಗಾಳಿ ಅಕ್ಷರಗಳು ಮೇಲಿನ ಗೆರೆಗೆ ಒಗೆದ ಬಟ್ಟೆಗಳ ಹಾಗೆ ಜೋತುಬಿದ್ದಿರುತ್ತವೆ. ಅರ್ಧ ಆಯುಷ್ಯ ಅವನ್ನು ನೋಡಿದವನಿಗೆ ನಮ್ಮ ಕನ್ನಡದ ಸಾಲು ಉಂಡು ಕೂತವರ ಪಂಕ್ತಿಯಂತೆ ಕಂಡು ಹಿತವಾಗುತ್ತದೆ. ಈ ಅಕ್ಷರದಲ್ಲಿ ಮಾತ್ರ ಅದು ಭಂಗಿ ಕುಡಿದು ಕೂತ ಪಂಕ್ತಿ.

ನಾನು ಅಲಿಪುರದ ಒಂದು ಸರಕಾರಿ ಕಚೇರಿಯಲ್ಲಿ ಟಿಪ್ಪಣಿ ಬರೆದು ಬರೆದು ನಿವೃತ್ತನಾದವನು. ಅಲ್ಲಿ ಒಂದೇ ಅಕ್ಷರ, ಒಂದೇ ಗಾತ್ರ. ಬಡ್ತಿಯಾದರೂ ಅದೇ, ಅಮಾನತಾದರೂ ಅದೇ. ಅಕ್ಷರ ಎನ್ನುವುದು ತಾನು ಕಾಣಿಸಿಕೊಳ್ಳದೆ ವಿಷಯವನ್ನು ತಂದಿಟ್ಟು ಹೋಗಬೇಕು ಎಂಬುದು ನನ್ನ ಘನವಾದ ಸಿದ್ಧಾಂತವಾಗಿತ್ತು. ಈ ಸಿದ್ಧಾಂತವನ್ನು ಯಾರೂ ಕೇಳಿರಲಿಲ್ಲವಾದ್ದರಿಂದ ಯಾರೂ ಖಂಡಿಸಿರಲಿಲ್ಲ.

ಅದರ ಬೇರು ಧಾರವಾಡದಲ್ಲಿದೆ. ನಾವು ಸಣ್ಣವರಿದ್ದಾಗ ನಾಟಕ ಕಂಪನಿಯವರು ಊರಿಗೆ ಬಂದರೆ ಟಾಂಗಾದಲ್ಲಿ ಒಬ್ಬ ಹಲಗೆ ಬಾರಿಸುತ್ತ, ಇನ್ನೊಬ್ಬ ಗುಲಾಬಿ, ಹಳದಿ ಹ್ಯಾಂಡ್‌ಬಿಲ್ಲು ತೂರುತ್ತ ಹೋಗುತ್ತಿದ್ದರು. ಕಾಗದ ತೆಳ್ಳಗೆ, ಅಕ್ಷರ ದಪ್ಪಗೆ. ಬೆವರಿದ ಕೈಯಲ್ಲಿ ಹಿಡಿದರೆ ಬಣ್ಣ ಅಂಗೈಗೆ ಇಳಿಯುತ್ತಿತ್ತು. ಆ ಬಣ್ಣದ ಕೈ ನೋಡಿ ಅಪ್ಪ, "ಥೂ, ಪೋಲಿ ಅಕ್ಷರ, ಕೈ ತೊಳಕೊಂಡು ಬಾ" ಎನ್ನುತ್ತಿದ್ದರು. ನಾನು ತೊಳೆದುಕೊಂಡು ಬರುತ್ತಿದ್ದೆ. ನನಗಿಂತ ಒಂಬತ್ತು ವರ್ಷಕ್ಕೆ ದೊಡ್ಡವಳಾದ ಇಂದಿರಕ್ಕ ಮಾತ್ರ ಹ್ಯಾಂಡ್‌ಬಿಲ್ಲಿನ ಅಕ್ಷರಗಳನ್ನು ಕತ್ತರಿಸಿ, ಅನ್ನದ ಅಗುಳು ಹಚ್ಚಿ, ಅಡುಗೆಮನೆಯ ಡಬ್ಬಿಗಳಿಗೆ ಅಂಟಿಸುತ್ತಿದ್ದಳು. ನಮ್ಮ ಮನೆಯ ತೊಗರಿಬೇಳೆ ಬಹಳ ವರ್ಷ 'ಭರ್ಜರಿ' ಎಂಬ ಹೆಸರಿನ ಡಬ್ಬಿಯಲ್ಲಿ ವಾಸವಾಗಿತ್ತು.

ಅಕ್ಕ ಮದುವೆಯಾಗಲಿಲ್ಲ. ಧಾರವಾಡದ ಹೆಣ್ಣುಮಕ್ಕಳ ಶಾಲೆಯಲ್ಲಿ ಇತಿಹಾಸ ಕಲಿಸಿದಳು. ಅದೇ ಶಾಲೆಯಲ್ಲಿ ಗಣಿತ ಕಲಿಸುತ್ತಿದ್ದವಳು ಶಾಂತಕ್ಕ. ಇಬ್ಬರದೂ ಜೋಡಿ. ಜೋಡಿ ಎಂದರೆ ಹೊಗಳಿಕೊಂಡು ಓಡಾಡುವ ಜೋಡಿಯಲ್ಲ. ಶಾಲೆಯಿಂದ ಮನೆಯ ತನಕ ಜಗಳಾಡಿಕೊಂಡು ಬಂದು, ಜಗಳ ಮುಗಿದಿಲ್ಲವೆಂದು ಮತ್ತೆ ಶಾಲೆಯ ತನಕ ಹೋಗುವ ಜೋಡಿ. ಅಕ್ಕ ನಿವೃತ್ತಳಾಗಿ ನಮ್ಮಲ್ಲಿಗೆ ಕೋಲ್ಕತ್ತೆಗೆ ಬಂದಮೇಲೆ ಜಗಳ ಟೆಲಿಫೋನಿಗೆ ಹತ್ತಿತು. ಆಮೇಲೆ ಶಾಂತಕ್ಕನ ಕಿವಿ ಹೋಯಿತು. ಯಂತ್ರ ಹಾಕಿದರೂ ಕೇಳದಷ್ಟು ಹೋಯಿತು. ಅಡ್ಡಿಯಿಲ್ಲ, ಕಾಗದವಿದೆಯಲ್ಲ ಎಂದುಕೊಂಡರು. ಪ್ರತಿ ಶನಿವಾರ ಶಾಂತಕ್ಕ ಕೈಯಲ್ಲಿ ಬರೆಯುವುದು, ಅವಳ ಮಗ ಅದರ ಫೋಟೋ ತೆಗೆದು ನನ್ನ ಫೋನಿಗೆ ಕಳಿಸುವುದು, ಅಕ್ಕ ಫೋನನ್ನು ಮೂಗಿಗೆ ಹಿಡಿದು ಓದುವುದು, ತನ್ನ ಉತ್ತರವನ್ನು ಅದೇ ದಾರಿಯಲ್ಲಿ ಹಿಂದಕ್ಕೆ ಕಳಿಸುವುದು.

ಆಮೇಲೆ ಅಕ್ಕನ ಕಣ್ಣು ಹೋಗತೊಡಗಿತು.

ಪೂರ್ತಿ ಅಲ್ಲ. ನೋಟದ ನಡುಮಧ್ಯೆ ಮಸಿ ಚೆಲ್ಲಿದ ಹಾಗೆ, ಸುತ್ತ ಅಂಚು ಮಾತ್ರ ಕಾಣುತ್ತದೆ ಎಂದಳು. ಡಾಕ್ಟರು, ಇದಕ್ಕೆ ಔಷಧವಿಲ್ಲ, ದೊಡ್ಡ ಅಕ್ಷರದಲ್ಲಿ ಓದಿಸಿ, ಎಷ್ಟು ದಿನ ಆಗುತ್ತದೋ ಅಷ್ಟು ದಿನ ಎಂದರು. ಅಂದರೆ ಇನ್ನು ಒಬ್ಬಳಿಗೆ ಕೇಳಿಸದು, ಒಬ್ಬಳಿಗೆ ಕಾಣಿಸದು. ಇಬ್ಬರ ನಡುವೆ ಉಳಿದದ್ದು ದೊಡ್ಡ ಅಕ್ಷರ ಒಂದೇ.

"ನಾ ಓದಿ ಹೇಳತೇನಲ್ಲ ಅಕ್ಕಾ," ಎಂದೆ.

"ನೀ ಯಾಕ ಓದತಿ? ಶಾಂತಾ ನಿನಗ ಬರದಾಳೇನು?"

"ಹಂಗಲ್ಲ..."

"ಹಂಗೂ ಅಲ್ಲ ಹಿಂಗೂ ಅಲ್ಲ. ಮಂದಿ ಕಾಗದ ಓದಬಾರದು ಅಂತ ನಿನಗ ಸಣ್ಣಾಂವ ಇದ್ದಾಗ ಹೇಳಿಲ್ಲೇನು? ನೀ ಬರೇ ದೊಡ್ಡದು ಮಾಡಿ ಕೊಡು ರಾಘ್ಯಾ."

ಸರಿ, ದೊಡ್ಡದು ಮಾಡಿದೆ. ಶಾಂತಕ್ಕನ ಕೈಬರಹವನ್ನು ನೋಡಿ ಕಂಪ್ಯೂಟರಿನಲ್ಲಿ ಟೈಪು ಮಾಡಿ, ನನ್ನ ಮರ್ಯಾದಸ್ಥ ಸರಕಾರಿ ಅಕ್ಷರದಲ್ಲಿ, ಬೆರಳಗಲ ಗಾತ್ರದಲ್ಲಿ ಮುದ್ರಿಸಿ ಕೊಟ್ಟೆ. ಅಕ್ಕ ಕಾಗದವನ್ನು ಓರೆಯಾಗಿ ಹಿಡಿದು, ಅದರ ಮೇಲೆ ಏನೋ ಸಂಶಯವಿದ್ದವಳಂತೆ ಕಡೆಗಣ್ಣಿನಲ್ಲಿ ನೋಡಿದಳು. "ಎಲ್ಲಾ ಒಂದ ನಮೂನಿ ಕಾಣ್ತಾವಲ್ಲೋ. ನಿಮ್ಮ ಆಫೀಸಿನ ಮಂದಿ ನಿಂತಂಗ." ಇನ್ನೊಂದು ಅಕ್ಷರದಲ್ಲಿ ಕೊಟ್ಟೆ, ಮತ್ತೊಂದರಲ್ಲಿ ಕೊಟ್ಟೆ. ಅಕ್ಕ ಕಾಗದವನ್ನು ಮಡಿಚಿ ತೊಡೆಯ ಮೇಲಿಟ್ಟುಕೊಂಡು ಕಿಟಕಿಯ ಕಡೆಗೆ ಮುಖ ತಿರುಗಿಸಿದಳು. ಆ ಶನಿವಾರ ನಮ್ಮ ಮನೆಯಲ್ಲಿ ಯಾರೂ ಸರಿಯಾಗಿ ಊಟ ಮಾಡಲಿಲ್ಲ.

ಆಗ ಜಾದವ್‌ಪುರದಲ್ಲಿ ಪೋಸ್ಟರು, ಜಾಹೀರಾತು ಎಂದು ಏನೇನೋ ಮಾಡುವ ನಮ್ಮ ತನ್ವಿ ಬಂದಳು. ಹುಟ್ಟಿ ಬೆಳೆದದ್ದೆಲ್ಲ ಇಲ್ಲೇ. ಕನ್ನಡ ಪೂರ್ತಿ ತಿಳಿಯುತ್ತದೆ, ಬಾಯಿಗೆ ಬರುವಷ್ಟರಲ್ಲಿ ಅದಕ್ಕೆ ಹಿಂದಿ, ಇಂಗ್ಲಿಷಿನ ಸಂಗಾತ ಸಿಕ್ಕಿರುತ್ತದೆ. "ಅಪ್ಪಾ, ಅತ್ತೆಗೆ ಡಿಫರೆಂಟ್ ಡಿಫರೆಂಟ್ ಶೇಪ್ ಬೇಕು. ಯೇ ವಾಲಾ ಟ್ರೈ ಮಾಡು," ಎಂದು ಆ ಅಕ್ಷರವನ್ನು ಕಂಪ್ಯೂಟರಿಗೆ ಇಳಿಸಿದಳು. ನಾನು ಪರದೆಯನ್ನು ನೋಡಿ, ಇದು ಸರ್ಕಸ್ಸಿನ ಡೇರೆಯ ಮೇಲಿರಬೇಕಾದದ್ದು, ಸಲೂನಿನ ಫಲಕಕ್ಕೆ ಸಲ್ಲುವಂಥದ್ದು, ಒಬ್ಬ ನಿವೃತ್ತ ಶಿಕ್ಷಕಿಗೆ ಇದರಲ್ಲಿ ಕಾಗದ ಕೊಡುವುದು ಅಗೌರವ ಎಂದು ಸಾಕಷ್ಟು ದೀರ್ಘವಾಗಿಯೇ ವಾದಿಸಿದೆ. ಅಷ್ಟರಲ್ಲಿ ಪ್ರಿಂಟರು ಕಾಗದ ಉಗುಳಿತು.

ಅಕ್ಕ ಓರೆಗಣ್ಣಿಟ್ಟಳು. ಬೆರಳು ಇಟ್ಟಳು. ತುಟಿ ಅಲ್ಲಾಡಿತು.

"ಇಂದಿರಾ... ನೀನು... ಹೇಳಿದ್ದು... ತಪ್ಪು," ಎಂದು ಓದಿ, ಜೋರಾಗಿ ನಕ್ಕಳು. "ನೋಡಿದ್ಯಾ, ಶುರುವಿಗೇ ಜಗಳಾ ತಗದಾಳ!"

ಪ್ರತಿಯೊಂದು ಅಕ್ಷರಕ್ಕೂ ಬೇರೆ ಬೇರೆ ವೇಷವಿದ್ದದ್ದರಿಂದ ಅಂಚಿನ ನೋಟಕ್ಕೂ ಇದು ಇಂಥವನೇ ಎಂದು ಗುರುತು ಸಿಗುತ್ತಿತ್ತು. ನನ್ನ ಸಿದ್ಧಾಂತ ಅಂದೇ ತೀರಿಕೊಂಡಿತು. ಅದಕ್ಕೆ ಯಾರೂ ಅಳಲಿಲ್ಲ.

ಅಲ್ಲಿಂದ ಮನೆಯಲ್ಲಿ ಆ ಅಕ್ಷರದ ರಾಜ್ಯಭಾರ. ಅಕ್ಕನಿಗೆ ಎಲ್ಲವೂ ಅದರಲ್ಲೇ ಬೇಕು. ಏಕಾದಶಿ ಯಾವತ್ತು ಎನ್ನುವುದು ಅದರಲ್ಲಿ. ರಕ್ತದೊತ್ತಡದ ಗುಳಿಗೆ ಊಟಕ್ಕೆ ಮೊದಲೋ ಆಮೇಲೋ ಎನ್ನುವುದು ಅದರಲ್ಲಿ. ವಿಷ್ಣುಸಹಸ್ರನಾಮವನ್ನು ಅದರಲ್ಲಿ ಮುದ್ರಿಸಿದಾಗ ಭಗವಂತನ ಒಂದೊಂದು ಹೆಸರೂ ಹೊಟ್ಟೆ ಬಿಟ್ಟುಕೊಂಡು, ಮೀಸೆ ತಿರುವಿಕೊಂಡು ಬಂದು ನಿಂತಿತು. ಅಕ್ಕ ಭಕ್ತಿಯಿಂದಲೇ ಓದಿದಳು, ನಾನೇ ದೇವರ ಕ್ಷಮೆ ಕೇಳಿದೆ. ಒಮ್ಮೆ ನಮ್ಮ ಕಟ್ಟಡದ ನೀರಿನ ಟ್ಯಾಂಕು ತೊಳೆಯುವ ನೋಟೀಸನ್ನು ಸಂಘದ ಪರವಾಗಿ ಇಂಗ್ಲಿಷಿನಲ್ಲಿ ಟೈಪು ಮಾಡಿದೆ. ಅಕ್ಷರ ಬದಲಾಯಿಸುವುದು ಮರೆತುಹೋಯಿತು. ಕೆಳಗಿನ ಮನೆಯ ಕಾರ್ಯದರ್ಶಿಗಳು ಮೆಟ್ಟಿಲಲ್ಲಿ ನಿಲ್ಲಿಸಿ, "ದಾದಾ, ಕಾರ್ ಜೊನ್ಮೊದಿನ್?" ಎಂದು ಕೇಳಿದರು. ಯಾರ ಹುಟ್ಟುಹಬ್ಬ ಎಂದರ್ಥ. ಎರಡು ದಿನ ನೀರಿಲ್ಲ ಎಂಬ ವರ್ತಮಾನವನ್ನು ಅಷ್ಟೊಂದು ಉಲ್ಲಾಸದಿಂದ ಆ ಕಟ್ಟಡದಲ್ಲಿ ಮೊದಲು ಯಾರೂ ಸಾರಿರಲಿಲ್ಲ.

ಶನಿವಾರದ ಕಾಗದದ್ದು ಬೇರೆಯೇ ಶಿಷ್ಟಾಚಾರ. ಓದದೆ ಟೈಪು ಮಾಡುವುದು ಹೇಗೆ ಎಂಬ ನನ್ನ ಪ್ರಶ್ನೆಗೆ ಅಕ್ಕ ಮೊದಲೇ ತೀರ್ಪು ಕೊಟ್ಟಿದ್ದಳು: "ಪ್ರೆಸ್ಸಿನ ಕಂಪೋಜಿಟರ್ ಓದತಾನೇನು? ಅಕ್ಷರ ಜೋಡಸ್ತಾನ, ಅಷ್ಟ." ಅಂದಿನಿಂದ ನಾನು ಕಂಪೋಜಿಟರ್. ಕಾಗದ ಜೋಡಿಸುವಾಗ ಶಾಂತಕ್ಕನ ಸೊಸೆ ಪಡವಲಕಾಯಿ ಹೇಗೆ ಕೆಡಿಸಿದಳು, ಅಕ್ಕನ ಇತಿಹಾಸದ ಜ್ಞಾನ ಎಷ್ಟು ಪೊಳ್ಳು, ಓಣಿಯಲ್ಲಿ ಯಾರ ನಾಯಿ ಯಾರನ್ನು ಕಚ್ಚಿತು, ಎಲ್ಲವೂ ನನ್ನ ಬೆರಳಿನ ಮೂಲಕ ಹಾದುಹೋಗುತ್ತಿತ್ತು. ಆದರೆ ನಾನು ಓದಿಲ್ಲ. ಅಕ್ಕ ಕೋಣೆಯ ಬಾಗಿಲು ಮುಂದೆ ಮಾಡಿಕೊಂಡು ಓದುತ್ತಿದ್ದಳು. ಊಟಕ್ಕೆ ಕೂತಮೇಲೆ ಸುದ್ದಿ ಬಿಚ್ಚುತ್ತಿದ್ದಳು.

"ಶಾಂತಾನ ಓಣ್ಯಾಗ ನಾಯಿ ಕಡದದಂತ."

"ಹೌದೇನು!" ಎನ್ನುತ್ತಿದ್ದೆ ನಾನು, ಕೈಯ ತುತ್ತು ಕೈಯಲ್ಲೇ ಹಿಡಿದು. "ಯಾರಿಗೆ?"

"ಯಾರಿಗೆ ಹೇಳು ನೋಡೂಣು?"

ನಾನು ಇಬ್ಬರು ಮೂವರ ಹೆಸರು ತಪ್ಪು ಹೇಳುತ್ತಿದ್ದೆ. ಅಕ್ಕ ಸಂಭ್ರಮದಿಂದ ತಿದ್ದುತ್ತಿದ್ದಳು. ಸುಮನ್ ಪಲ್ಯದ ಪಾತ್ರೆಯೊಳಗೆ ಮುಖ ಮಾಡಿ ನಗುತ್ತಿದ್ದಳು. ನನ್ನ ಸೇವಾವಧಿಯಲ್ಲಿ ಮೇಲಧಿಕಾರಿಗಳ ಎಷ್ಟೋ ಹಾಸ್ಯಗಳಿಗೆ ಮೊದಲ ಸಲ ಕೇಳಿದವನಂತೆ ನಕ್ಕ ಅನುಭವ ಇಲ್ಲಿ ಬಹಳ ಉಪಯೋಗಕ್ಕೆ ಬಂತು. ನಾನು ಓದಿದ್ದೇನೆ ಎಂದು ಅಕ್ಕನಿಗೆ ಗೊತ್ತಿತ್ತೇ? ಗೊತ್ತಿಲ್ಲದೆ ಏನು. ಆದರೆ ಅವಳ ಸುದ್ದಿಯನ್ನು ಅವಳೇ ಮೊದಲು ಓದಿ, ಅವಳೇ ನಮಗೆ ಹೇಳಬೇಕು. ಕಣ್ಣಿನ ಜೊತೆ ಅದೂ ಹೋಗುವುದು ಅವಳಿಗೆ ಬೇಡವಾಗಿತ್ತು. ನಮಗೂ ಬೇಡವಾಗಿತ್ತು.

ಮಸಿ ಹಬ್ಬುತ್ತ ಹೋಯಿತು, ಅಕ್ಷರ ಬೆಳೆಯುತ್ತ ಹೋಯಿತು. ಮೊದಲು ಒಂದು ಹಾಳೆಗೆ ಹತ್ತಾರು ಸಾಲು ಹಿಡಿಯುತ್ತಿದ್ದವು, ಆಮೇಲೆ ನಾಲ್ಕೈದು, ಕೊನೆಗೆ ಎರಡು ಮೂರು ಪದ. ಶಾಂತಕ್ಕನ ಒಂದು ಸಾಮಾನ್ಯ ಜಗಳ ದಸ್ತುಗಟ್ಟಲೆ ಕಾಗದ ನುಂಗತೊಡಗಿತು. ಬಾಗಿಲ ಹಿಂದೆ ಅಕ್ಕ ಒಂದೊಂದು ಹಾಳೆ ತಿರುವುವ ಸದ್ದು ಕೇಳಿಸುತ್ತ ಮಧ್ಯಾಹ್ನ ಕಳೆಯುತ್ತಿತ್ತು. ಆ ಗಾತ್ರದಲ್ಲಿ ನೋಡಿದರೆ ಅಕ್ಷರದ ಕುಚೇಷ್ಟೆಯೂ ಅಷ್ಟೇ ದೊಡ್ಡದು. 'ಸೊಂಟನೋವು' ಎಂಬ ಪದ ಹಾಳೆಯ ತುಂಬ ನಿಂತು ಕುಣಿಯುತ್ತಿದ್ದುದನ್ನು ನಾನು ಮರೆಯಲಾರೆ.

ಕಳೆದ ಚಳಿಗಾಲದ ಒಂದು ಶನಿವಾರ ಫೋಟೋ ಬರಲಿಲ್ಲ. ಬಂದದ್ದು ಶಾಂತಕ್ಕನ ಮಗ ಟೈಪು ಮಾಡಿದ ಎರಡು ಸಾಲು. ಅವ್ವ ನಿನ್ನೆ ಬೆಳಿಗ್ಗೆ ಹೋದಳು, ನಿದ್ದೆಯಲ್ಲೇ, ತ್ರಾಸಾಗಲಿಲ್ಲ. ಇಂದಿರಾ ಮಾವಶಿಗೆ ತಿಳಿಸಿರಿ.

ಸುಮನ್‌ಗೆ ತೋರಿಸಿದೆ. ಅವಳು ಸೆರಗಿನಿಂದ ಕಣ್ಣು ಒರೆಸಿಕೊಂಡು, "ಇದನ್ನ ಮುದ್ರಿಸಿ ಕೊಡಬ್ಯಾಡ್ರಿ. ಬಾಯಿಲೇ ಹೇಳ್ರಿ, ಹತ್ರ ಕೂತು," ಎಂದಳು. ನನಗೂ ಅದೇ ಸರಿ ಕಂಡಿತು. ಅಕ್ಕನ ಕೋಣೆಗೆ ಹೋದೆ. ಚಳಿಗೆ ಶಾಲು ಹೊದ್ದು ಹಾಸಿಗೆಯ ಮೇಲೆ ಕೂತಿದ್ದಳು.

"ಅಕ್ಕಾ," ಎಂದೆ.

"ಬಂತೇನು ಶಾಂತಾಂದು? ಇವತ್ತ್ಯಾಕ ತಡಾ?"

"ಅಕ್ಕಾ, ಅದು ಏನಾಗೇದಂದ್ರ..."

"ಏ ಏ ಏ! ಬಾಯಿ ಮುಚ್ಚು. ಹೇಳಬ್ಯಾಡ." ಎರಡೂ ಕೈ ಎತ್ತಿ ನನ್ನನ್ನು ತಡೆದಳು, ಮುಖದಲ್ಲಿ ನಗು. "ಕಂಪೋಜಿಟರ್ ಹೇಳೂದು ಯಾವಾಗಿಂದ ಶುರು ಆತು? ಹೋಗು, ಜೋಡಸ್ಕೊಂಡು ಬಾ."

ಅಲ್ಲೇ ನಿಂತು ಹೇಳಿಬಿಡಬೇಕಿತ್ತೇನೋ. ಯಾರು ಹೇಳುತ್ತಾರೆ, ಆ ನಗುವ ಮುಖಕ್ಕೆ? ಆಜ್ಞೆಯನ್ನು ಶಿರಸಾ ವಹಿಸಿ ಕಂಪ್ಯೂಟರಿನ ಮುಂದೆ ಬಂದು ಕೂತೆ.

ಎರಡು ಸಾಲು ಟೈಪು ಮಾಡಿದೆ. ನನ್ನ ಹಳೆಯ ಸರಕಾರಿ ಅಕ್ಷರದಲ್ಲಿ ಅದು ಹೇಗಿರಬೇಕೋ ಹಾಗಿತ್ತು: ತಲೆ ತಗ್ಗಿಸಿ, ಕೈಕಟ್ಟಿ, ಅಂಗಳದಲ್ಲಿ ನಿಂತಿತ್ತು. ಆದರೆ ಅಕ್ಕನಿಗೆ ಅದು ಕಾಣಿಸದು. ಅವಳಿಗೆ ಕಾಣುವ ಅಕ್ಷರಕ್ಕೆ ಬದಲಾಯಿಸಿದೆ. ತಕ್ಷಣ ಎಲ್ಲವೂ ರುಮಾಲು ಸುತ್ತಿಕೊಂಡವು. 'ಹೋದಳು' ಎಂಬ ಪದದ ಹೋ ಹೊಟ್ಟೆ ಕುಲುಕಿಸಿ ನಗತೊಡಗಿತು. ಳು ತನ್ನ ಕೊಂಬಿನ ಮೀಸೆಯನ್ನು ತಿರುವಿ ನಿಂತಿತು. ಕಪ್ಪನ್ನು ತಿಳಿ ಮಾಡಿದೆ, ಆದರೂ ನಕ್ಕಿತು. ಗಾತ್ರ ಇಳಿಸಿದೆ, ಕಿಸಕ್ಕನೆ ನಕ್ಕಿತು. ತನ್ವಿಗೆ ಫೋನು ಮಾಡಿ, ಈ ಅಕ್ಷರದಲ್ಲಿ ಸ್ವಲ್ಪ ಗಂಭೀರವಾದದ್ದು, ಮೆಲ್ಲಗಿನದು, ಇನ್ನೊಂದು ನಮೂನೆ ಏನಾದರೂ ಇದೆಯೇ ಎಂದು ಕೇಳಿದೆ.

"ಇಲ್ಲ ಅಪ್ಪಾ. ಅದರಲ್ಲಿ ಬೋಲ್ಡ್ ಇದೆ, ಎಕ್ಸ್‌ಟ್ರಾ ಬೋಲ್ಡ್ ಇದೆ. ಬಸ್. ಕ್ಯೋಂ? ಏನಾಯ್ತು?"

ಹೇಳಿದೆ. ಅವಳು, "ನಾನು ಈಗಲೇ ಬರ್ತೀನಿ," ಎಂದು ಫೋನಿಟ್ಟಳು.

ಒಳಗಿನಿಂದ, "ಏನ್ ರಾಘ್ಯಾ, ಪುರಾಣ ಬರದಾಳೇನು ಇವತ್ತು?" ಎಂಬ ಕೂಗು ಬಂತು. ಮುದ್ರಿಸಿದೆ. ಕೆಲವೇ ಹಾಳೆಗಳು. ಅಷ್ಟು ತೆಳ್ಳಗಿನ ಕಾಗದ ಅಕ್ಕನ ಕೈಗೆ ಹಿಂದೆಂದೂ ಹೋಗಿರಲಿಲ್ಲ. ಕೊಟ್ಟಾಗ ಅವಳು ಬೆರಳಿನಲ್ಲಿ ಅಂಚನ್ನು ಅಳೆದು, "ಇಷ್ಟೇ?" ಎಂದಳು. ನಾನು, "ಇಷ್ಟೇ ಇತ್ತು" ಎಂದೆ. ಬಾಗಿಲು ಮುಂದೆ ಮಾಡಿಕೊಂಡು ಹೊರಗೆ ಬಂದೆ.

ಹಾಳೆ ತಿರುವಿದ ಸದ್ದು ಕೇಳಿಸಿತು. ಮತ್ತೊಂದು. ಆಮೇಲೆ ಸದ್ದು ನಿಂತಿತು. ಕೆಳಗೆ ಓಣಿಯಲ್ಲಿ ಹಳೆಯ ಸಾಮಾನಿನವನು ಕೂಗಿಕೊಂಡು ಹೋದ. ಸುಮನ್ ಅಡುಗೆಮನೆಯ ಹೊಸ್ತಿಲಲ್ಲಿ ನಿಂತಿದ್ದಳು, ಕೈಯಲ್ಲಿ ಸೌಟು. ಆಮೇಲೆ ಬಚ್ಚಲಿನ ಬಾಗಿಲು ಹಾಕಿದ ಸದ್ದು. ತಂಬಿಗೆಯ ಮೇಲೆ ತಂಬಿಗೆ ನೀರು ಸುರಿದುಕೊಳ್ಳುವ ಸದ್ದು. ಅಕ್ಕನ ಸ್ನಾನ ಬೆಳಿಗ್ಗೆಯೇ ಆಗಿತ್ತು. ಯಾವ ಸುದ್ದಿ ಕೇಳಿದವರು ಹೊತ್ತಲ್ಲದ ಹೊತ್ತಿನಲ್ಲಿ ತಲೆಯ ಮೇಲೆ ನೀರು ಹಾಕಿಕೊಳ್ಳುತ್ತಾರೆ ಎಂದು ನಿಮಗೆ ನಾನು ಬಿಡಿಸಿ ಹೇಳಬೇಕಾಗಿಲ್ಲ.

ಒದ್ದೆ ಕೂದಲು ಬೆನ್ನ ಮೇಲೆ ಬಿಟ್ಟುಕೊಂಡು, ಬೇರೆ ಸೀರೆ ಉಟ್ಟು, ಗೋಡೆ ಹಿಡಿದುಕೊಂಡು ಅಕ್ಕ ಊಟದ ಮೇಜಿಗೆ ಬಂದಳು.

"ಈ ಥಂಡ್ಯಾಗ ಯಾಕ್ರಿ ಅಕ್ಕಾರ ಮತ್ತ..." ಎಂದು ಬಾಯ್ತೆರೆದ ಸುಮನ್ ಅಲ್ಲಿಗೇ ನಿಲ್ಲಿಸಿದಳು.

"ಸೆಕಿ ಆಗಲಿಕತ್ತಿತ್ತು," ಎಂದಳು ಅಕ್ಕ.

ಸುಮನ್ ಬಡಿಸಿದಳು. ಅಕ್ಕ ಅನ್ನವನ್ನು ಕಲಸಿದಳು, ತುತ್ತು ಮಾಡಿದಳು, ಬಾಯಿಗೆ ತರಲಿಲ್ಲ. ನಾನು ತಟ್ಟೆಯನ್ನೇ ನೋಡುತ್ತ ಕೂತೆ. ಈಗ ಹೇಳುತ್ತಾಳೆ, ಆಗ ನಾನು ಎದ್ದು ಹೋಗಿ ಅವಳ ಕೈ ಹಿಡಿದುಕೊಳ್ಳುತ್ತೇನೆ ಎಂದು ಮನಸ್ಸಿನಲ್ಲೇ ಸಿದ್ಧವಾಗಿದ್ದೆ.

"ಶಾಂತಾ ಈ ವಾರ ನಿಂಬಿಕಾಯಿ ಉಪ್ಪಿನಕಾಯಿ ಹಾಕ್ಯಾಳಂತ," ಎಂದಳು ಅಕ್ಕ.

ಸುಮನ್ ನನ್ನನ್ನು ನೋಡಿದಳು.

"ಖಾರ ಜಾಸ್ತಿ ಆತಂತ. ಸೊಸಿ ಬ್ಯಾಡಂದ್ರೂ ಕೇಳಿಲ್ಲ. ಅಕಿ ಯಾವಾಗ ಯಾರ ಮಾತು ಕೇಳ್ಯಾಳ?"

ಅಕ್ಕನ ಕಡೆಗಣ್ಣು ನನ್ನ ಮೇಲಿತ್ತು. ಮಸಿಯ ಅಂಚಿನಲ್ಲಿ ನನ್ನ ಮುಖ ಅವಳಿಗೆ ಎಷ್ಟು ಕಾಣುತ್ತಿತ್ತೋ ತಿಳಿಯದು. ಅವಳು ಕಾಯುತ್ತಿದ್ದಳು.

"ಹೌದೇನು!" ಎಂದೆ.

"ಹೌದಲ್ಲೋ ಮತ್ತ. ಸಾಲ್ಯಾಗ ಇದ್ದಾಗೂ ಹಂಗ. ಒಮ್ಮೆ ಏನ್ ಮಾಡಿದ್ಲಂದ್ರ..." ಎಂದು ಅಕ್ಕ ಶುರು ಮಾಡಿದಳು. ಶಾಲೆಯ ಗಂಟೆ ಬಾರಿಸುವ ಕೋಲನ್ನು ಶಾಂತಕ್ಕ ಬಚ್ಚಿಟ್ಟದ್ದು, ಮಳೆಯಲ್ಲಿ ಒಂದೇ ಕೊಡೆಯ ಕೆಳಗೆ ಜಗಳಾಡುತ್ತ ಇಬ್ಬರೂ ನೆನೆದದ್ದು, ಹೆಡ್‌ಮಾಸ್ತರರ ಮುಂದೆ ಅವಳಿಗೆ ನಗು ತಡೆಯಲಾರದೆ ಬಿಕ್ಕಳಿಕೆ ಬಂದದ್ದು. ಎಲ್ಲವನ್ನೂ ಶಾಂತಕ್ಕ ಈ ವಾರದ ಕಾಗದದಲ್ಲಿ ನೆನಪಿಸಿದ್ದಾಳೆ ಎಂದೇ ಹೇಳುತ್ತ ಹೋದಳು. ತನ್ವಿ ಬಂದು ಬಾಗಿಲಲ್ಲಿ ಚಪ್ಪಲಿ ಬಿಡದೆ ನಿಂತಳು. ಸಾರು ಆರಿತು. ನಮ್ಮೆಲ್ಲರ ಕೈ ಒಣಗಿತು. ಕಾಗದದಲ್ಲಿ ಇದ್ದದ್ದು ಎರಡು ಸಾಲು. ಅಕ್ಕ ಹೊತ್ತು ಇಳಿಯುವ ತನಕ ಓದಿ ಹೇಳಿದಳು. ನಾನು ಒಂದೊಂದಕ್ಕೂ, ಮೊದಲ ಸಲ ಕೇಳಿದವನಂತೆ, ಹೌದೇನು ಎಂದೆ. ಅವೆಲ್ಲವನ್ನೂ ನಾನು ಅಂದು ನಿಜವಾಗಿಯೂ ಮೊದಲ ಸಲವೇ ಕೇಳುತ್ತಿದ್ದೆ.